ಹಿಡಿಯಮ್ಮನ ಕೈ

ಅವಳನ್ನು ಕಂಡರೆ ಅಳುವ ಮಕ್ಕಳು ಊರಲ್ಲಿ ಎಷ್ಟಿವೆಯೋ, ಅವಳಿಗೇ ಲೆಕ್ಕ ತಪ್ಪಿಹೋಗಿದೆ. ತರಕಾರಿ ಅಂಗಡಿಯ ಮುಂದೆ ಟೊಮೆಟೊ ಒತ್ತಿ ನೋಡುತ್ತ ನಿಂತಿರುತ್ತಾಳೆ. ಪಕ್ಕದಲ್ಲಿ ಯಾರದೋ ಸೊಂಟದ ಮೇಲೆ ಕೂತ ಮಗು ಇತ್ತ ತಿರುಗುತ್ತದೆ. ಮುಖ ಸಣ್ಣಗಾಗುತ್ತದೆ, ಗದ್ದ ನಡುಗುತ್ತದೆ, ಆಮೇಲೆ ಇಡೀ ಬೀದಿಗೆ ಕೇಳುವ ಹಾಗೆ ಕಿರುಚಾಟ. ತಾಯಿ ಗಾಬರಿಬಿದ್ದು ಸುತ್ತ ನೋಡಿ, ಇವಳ ಗುರುತು ಹತ್ತಿ, "ಅಯ್ಯೋ, ನೀವಾ! ತಪ್ಪು ತಿಳ್ಕೋಬೇಡಿ" ಎಂದು ನಾಚಿ ನೀರಾಗುತ್ತಾಳೆ. "ನಮ್ಮ ಬೀದೀಲಿ ಮಕ್ಕಳನ್ನ ಹೆದರ್ಸೋಕೆ ಗುಮ್ಮ ಯಾಕೆ, ನಾನೇ ಇದ್ದೀನಲ್ಲ" ಎಂದು ಇವಳು ನಕ್ಕುಬಿಡುತ್ತಾಳೆ. ನಕ್ಕು ಇನ್ನೊಂದು ಅಂಗಡಿಗೆ ಹೋಗಿ ಟೊಮೆಟೊ ತೆಗೆದುಕೊಳ್ಳುತ್ತಾಳೆ.

ಅವಳ ಕೆಲಸ ಮಕ್ಕಳನ್ನು ಹಿಡಿದುಕೊಳ್ಳುವುದು, ಅಷ್ಟೇ. ಔಷಧದ ಅಂಗಡಿಯ ಮೇಲಿನ ಮಹಡಿಯಲ್ಲಿ ಒಂದು ಚರ್ಮದ ಕ್ಲಿನಿಕ್ ಇದೆ. ವಾರಕ್ಕೆರಡು ದಿನ ಅಲ್ಲಿ ಲೇಸರ್ ಯಂತ್ರ ಓಡುತ್ತದೆ. ಹುಟ್ಟುವಾಗಲೇ ಕೆನ್ನೆಯ ಮೇಲೋ ಹಣೆಯ ಮೇಲೋ ಕೆಂಪು ಮಚ್ಚೆ ಹೊತ್ತು ಬಂದ ಮಕ್ಕಳನ್ನು ಕರೆತರುತ್ತಾರೆ. ಚರ್ಮದ ಕೆಳಗೆ ಹಿಗ್ಗಿಕೊಂಡಿರುವ ಸಣ್ಣ ಸಣ್ಣ ರಕ್ತನಾಳಗಳನ್ನು ಆ ಬೆಳಕು ಹುಡುಕಿಕೊಂಡು ಹೋಗಿ ಮುಚ್ಚಿಸುತ್ತದೆ. ಮೇಲಿನ ಚರ್ಮ ಸುಡದಿರಲೆಂದು ಪ್ರತಿ ಹೊಡೆತಕ್ಕೂ ಮೊದಲು ತಣ್ಣನೆಯ ಹನಿ ಚಿಮ್ಮುತ್ತದೆ. ಮರಗಟ್ಟುವ ಮುಲಾಮು ಹಚ್ಚಿದ್ದರೂ ಒಂದೊಂದು ಹೊಡೆತ ರಬ್ಬರ್ ಬ್ಯಾಂಡ್ ಎಳೆದು ಬಿಟ್ಟ ಹಾಗೆ ಚುರ್ ಎನ್ನುತ್ತದೆ. ದೊಡ್ಡವರು ಹಲ್ಲು ಕಚ್ಚಿ ತಡೆದುಕೊಳ್ಳುತ್ತಾರೆ. ಆರು ತಿಂಗಳ ಕೂಸಿಗೆ ಹಲ್ಲೂ ಇಲ್ಲ, ಇದೆಲ್ಲ ಯಾಕೆಂದು ಗೊತ್ತೂ ಇಲ್ಲ. ಅದು ಕೊಸರಾಡಿದರೆ ಬೆಳಕು ಬೀಳಬಾರದ ಕಡೆ ಬೀಳುತ್ತದೆ. ಆದ್ದರಿಂದ ತಲೆ ಹಿಡಿಯುವ ಒಂದು ಜೊತೆ ಕೈ ಬೇಕು. ಆ ಕೈಗಳಿಂದಾಗಿ ತಂದೆತಾಯಂದಿರ ಬಾಯಲ್ಲಿ ಅವಳು ಹಿಡಿಯಮ್ಮನಾದಳು, ಈಗ ಡಾಕ್ಟರಮ್ಮನೂ ಹಾಗೇ ಕರೆಯುವುದು.

ಮೊದಲು ಹೀಗಿರಲಿಲ್ಲ. ಗಂಡ ಬದುಕಿದ್ದಾಗ ಅವನದೊಂದು ಫೋಟೋ ಸ್ಟುಡಿಯೋ ಇತ್ತು. ಪಾಸ್‌ಪೋರ್ಟ್ ಫೋಟೋಕ್ಕೆ ಬಂದ ಕೂಸುಗಳನ್ನು ಸ್ಟೂಲಿನ ಮೇಲೆ ಕೂರಿಸಿ, ಹಿಂದೆ ಬಿಳಿ ಬಟ್ಟೆಯೊಳಗೆ ಅವಿತು, ತನ್ನ ಕೈ ಚಿತ್ರದಲ್ಲಿ ಬೀಳದ ಹಾಗೆ ಕತ್ತು ನಿಲ್ಲಿಸುವುದು ಅವಳ ಕೆಲಸ. ಕೂಸು ಅಲುಗಾಡುವುದಕ್ಕೆ ಮುಂಚೆ ಕತ್ತಿನ ಹಿಂದೆ ಒಂದು ಸಣ್ಣ ಬಿಗಿ ಹುಟ್ಟುತ್ತದೆ. ಅದು ಬೆರಳಿಗೆ ಗೊತ್ತಾಗುವಷ್ಟು ಕೈ ಪಳಗಿದ್ದು ಅಲ್ಲೇ. ಆಗ ಎಲ್ಲ ಮಕ್ಕಳಿಗೂ ಅವಳೆಂದರೆ ಪ್ರಾಣ. ಬಟ್ಟೆಯ ಹಿಂದಿನಿಂದ ಬೆಕ್ಕು, ನಾಯಿ, ರೈಲು ಎಲ್ಲ ಕೂಗಿಸುತ್ತಿದ್ದಳು. ಆಮೇಲೆ ಎಲ್ಲರ ಜೇಬಿನಲ್ಲೂ ಕ್ಯಾಮೆರಾ ಬಂದು ಕೂತಿತು, ಸ್ಟುಡಿಯೋ ಮುಚ್ಚಿತು, ಗಂಡನೂ ಹೋದ. ಕ್ಲಿನಿಕ್ಕಿನಲ್ಲಿ ಮಕ್ಕಳನ್ನು ಹಿಡಿಯುವವರು ಬೇಕಂತೆ ಎಂದು ಯಾರೋ ಹೇಳಿದಾಗ, ಅದೇ ಕೆಲಸ ತಾನೇ, ಎಂದುಕೊಂಡು ಮೆಟ್ಟಿಲು ಹತ್ತಿದಳು.

ಅದೇ ಕೆಲಸ ಅಲ್ಲವೆಂದು ಮೊದಲ ದಿನವೇ ತಿಳಿಯಿತು. ಆಗೆಲ್ಲ ತಾಯಿಯೂ ಒಳಗೆ ಬಂದು ಮಗುವಿನ ಕಾಲು ಹಿಡಿಯುತ್ತಿದ್ದಳು. ಒಂದು ಮಗುವಂತೂ ಎಲ್ಲ ಮುಗಿದ ಮೇಲೆ ತಾಯಿಯ ಕಡೆ ಕೈ ಚಾಚಲೇ ಇಲ್ಲ. ಎತ್ತಿಕೊಳ್ಳಲು ಹೋದ ತಾಯಿಯನ್ನು ಎರಡೂ ಕೈಯಿಂದ ದೂಡಿತು. ಆ ತಾಯಿ ಮೆಟ್ಟಿಲ ಮೇಲೆ ಕೂತು ಅತ್ತದ್ದನ್ನು ಹಿಡಿಯಮ್ಮ ನೋಡಿದಳು. ಮರುವಾರ ಡಾಕ್ಟರಮ್ಮನ ಮುಂದೆ ನಿಂತು, "ಇನ್ಮೇಲೆ ಹೆತ್ತೋರು ಒಳಗೆ ಬೇಡ ಡಾಕ್ಟ್ರೇ. ನೋವೆಲ್ಲ ನನ್ನ ಲೆಕ್ಕಕ್ಕೆ ಹಾಕಿ, ಸಮಾಧಾನ ತಾಯಿ ಲೆಕ್ಕಕ್ಕೆ ಇರ್ಲಿ. ಅಳ್ತಿರೋ ಮಗೂನ ನಾನು ಬಾಗಿಲಲ್ಲಿ ಕೊಡ್ತೀನಿ, ಅವಳು ಎತ್ತಿಕೊಳ್ಳಲಿ" ಎಂದಳು. ಡಾಕ್ಟರಮ್ಮ ಸ್ವಲ್ಪ ಯೋಚಿಸಿ ಒಪ್ಪಿದರು. ಅಂದಿನಿಂದ ಆ ಕೋಣೆಯ ಪದ್ಧತಿ ಅದೇ.

ಇನ್ನೊಂದು ಪದ್ಧತಿ ಅವಳು ತಾನಾಗಿಯೇ ಹಾಕಿಕೊಂಡದ್ದು. ಮೊದಮೊದಲು ಹಿಡಿದುಕೊಂಡೇ "ಆಯ್ತು ಕಂದ, ಆಗೋಯ್ತು" ಎನ್ನುತ್ತಿದ್ದಳು. ಒಮ್ಮೆ ಬಸ್ಸಿನಲ್ಲಿ ಕಂಡಕ್ಟರಿಗೆ ಏನೋ "ಆಯ್ತು, ಆಯ್ತು" ಎಂದಳು, ಮುಂದಿನ ಸೀಟಿನಲ್ಲಿ ನಿದ್ದೆಹೋಗಿದ್ದ ಮಗುವೊಂದು ಬೆಚ್ಚಿಬಿದ್ದು ಎದ್ದು ಅಳತೊಡಗಿತು. ಮುಖ ಕಂಡದ್ದಲ್ಲ, ದನಿ ಕೇಳಿದ್ದಷ್ಟೇ. ಅವತ್ತಿನಿಂದ ಲೇಸರ್ ಕೋಣೆಯಲ್ಲಿ ಅವಳ ಬಾಯಿಗೆ ಬೀಗ. ಕೆಲಸಕ್ಕೆ ಬೇರೆ ಸೋಪು, ಬೇರೆ ಬಟ್ಟೆ. ಇಷ್ಟೆಲ್ಲ ಮಾಡಿದರೂ ಹೇಗೋ ಮಕ್ಕಳಿಗೆ ಗೊತ್ತಾಗಿಯೇ ಬಿಡುತ್ತದೆ. ಅವಳದಕ್ಕೆ ತಲೆ ಕೆಡಿಸಿಕೊಳ್ಳುವುದನ್ನು ಬಿಟ್ಟಿದ್ದಳು, ಅಥವಾ ಬಿಟ್ಟಿದ್ದೇನೆಂದು ತಿಳಿದಿದ್ದಳು.

ಆಗ ಬಟಾಣಿ ಹುಟ್ಟಿತು. ಒಬ್ಬಳೇ ಮಗಳ ಮೊದಲ ಕೂಸು. ಎಡಗಣ್ಣಿನ ಪಕ್ಕದಿಂದ ಕೆನ್ನೆಯ ಮೇಲೆ ಹಾದು ಕಿವಿಯವರೆಗೆ, ಯಾರೋ ಕೆಂಪು ಶಾಯಿಯ ಕೈ ಸವರಿದ ಹಾಗೆ ಮಚ್ಚೆ. ನೋಡಲು ಬಂದ ನೆಂಟರು "ಹೊಟ್ಟೇಲಿದ್ದಾಗ ಏನಾದ್ರೂ ಮಾಡ್ಕೊಂಡ್ಯಾ?" ಎಂದು ಬಾಣಂತಿಯನ್ನು ಕೇಳುತ್ತಿದ್ದರು. ಹಿಡಿಯಮ್ಮ ಅಂಥವರನ್ನು ಬಾಗಿಲ ತನಕ ಕಳಿಸಿಕೊಟ್ಟೇ ಬರುತ್ತಿದ್ದಳು. "ಇದು ಯಾರೂ ಮಾಡಿದ್ದಲ್ಲ, ಬರತ್ತೆ ಅಷ್ಟೆ. ಚಪ್ಪಲಿ ಆ ಕಡೆ ಇದೆ ನೋಡಿ." ಮಗಳು ಒಂದೇ ಮಾತು ಕೇಳಿದ್ದಳು, "ಅಮ್ಮ, ಹೋಗುತ್ತಾ?" ಹಿಡಿಯಮ್ಮ ಮಕ್ಕಳ ವಿಷಯದಲ್ಲಿ ಸುಳ್ಳು ಹೇಳುವವಳಲ್ಲ. "ಪೂರ್ತಿ ಹೋಗುತ್ತೆ ಅಂತ ಹೇಳಲ್ಲ. ತುಂಬ ತಿಳಿಯಾಗುತ್ತೆ. ಸುಮಾರು ಸಲ ಹೋಗ್ಬೇಕು. ನಾನಿದ್ದೀನಲ್ಲ" ಎಂದಳು.

ಅಳಿಯ ಲಾರಿ ಓಡಿಸುವವನು, ಅವನ ಕಾಲಿಗೆ ಚಕ್ರ. ಮಗಳು ಬೇಕರಿಯಲ್ಲಿ ಕೆಲಸ ಮಾಡುತ್ತಿದ್ದಳು. ಮಗು ಏಳುವ ಮೊದಲೇ ಹೊರಟರೆ ಸಂಜೆ ಅದು ತೂಕಡಿಸುವಾಗ ಮನೆಗೆ ಬರುತ್ತಿದ್ದಳು. ಲೇಸರ್ ಇರುವ ಎರಡು ದಿನ ಕೆಳಮನೆಯಾಕೆ ನೋಡಿಕೊಳ್ಳುತ್ತಿದ್ದಳು, ಉಳಿದ ದಿನಗಳೆಲ್ಲ ಬಟಾಣಿ ಅಜ್ಜಿಯ ತೋಳಿನಲ್ಲೇ. ನಗುವುದನ್ನು ಕಲಿತದ್ದೂ ಅಜ್ಜಿಯನ್ನು ನೋಡಿಯೇ. ಅದೂ ಬಾಯಲ್ಲಿ ಮಾತ್ರ ನಗುವ ಕೂಸಲ್ಲ. ಅಜ್ಜಿ ಬಾಗಿಲಲ್ಲಿ ಕಂಡರೆ ಸಾಕು, ಕೈ, ಕಾಲು, ಹೊಟ್ಟೆ ಎಲ್ಲ ಸೇರಿ ನಗುತ್ತಿತ್ತು. ಊರ ಮಕ್ಕಳೆಲ್ಲ ಕಂಡೊಡನೆ ಅಳುವ ಹೆಂಗಸಿಗೆ, ಕಂಡೊಡನೆ ನಗುವ ಒಂದು ಮಗು ಸಿಕ್ಕಿತ್ತು. ಅವಳು ಎಷ್ಟು ಸೋತುಹೋದಳೆಂದರೆ, ಸ್ಟುಡಿಯೋ ಮುಚ್ಚಿದಾಗಿನಿಂದ ಮರೆತಿದ್ದ ಬೆಕ್ಕು, ನಾಯಿ, ರೈಲುಗಳೆಲ್ಲ ಮತ್ತೆ ಬಾಯಿಗೆ ಬಂದವು.

ಬಟಾಣಿಗೆ ಒಂದು ತಿಂಗಳಾಗಿದ್ದಾಗಲೇ ಡಾಕ್ಟರಮ್ಮ ನೋಡಿ, ಬೇಗ ಶುರುಮಾಡೋಣ ಎಂದಿದ್ದರು. ಹಿಡಿಯಮ್ಮನೂ "ಹೌದೌದು, ಬೇಗ" ಎಂದಳು. ಆಮೇಲೆ ಮಗುವಿಗೆ ನೆಗಡಿಯಾಯಿತು. ನೆಗಡಿ ವಾಸಿಯಾದ ಮೇಲೆ ಬಿಸಿಲು ಜೋರಾಯಿತು. ಬಿಸಿಲು ಇಳಿದ ಮೇಲೆ ಅಪ್ಪ ಊರಿನಲ್ಲಿ ಇಲ್ಲದಾಗ ಯಾಕೆ ಎಂದಾಯಿತು, ಅಪ್ಪ ಬಂದ ಮೇಲೆ ಹಲ್ಲು ಬರುವ ಹೊತ್ತು ಎಂದಾಯಿತು. ಮಗಳು ಅಮ್ಮ ಹೇಳಿದ್ದನ್ನೆಲ್ಲ ನಂಬಿದಳು. ಇದರಲ್ಲಿ ಅಮ್ಮನಿಗಿಂತ ಬಲ್ಲವರು ಯಾರು? ಇತ್ತ ಕ್ಲಿನಿಕ್ಕಿನಲ್ಲಿ ಇಂಥವೇ ನೆಪ ಹೇಳಿಕೊಂಡು ಬಂದ ತಂದೆತಾಯಂದಿರಿಗೆ ಅದೇ ಹಿಡಿಯಮ್ಮ ಬೆವರಿಳಿಸುತ್ತಿದ್ದಳು. "ಚಿಕ್ಕದಿದ್ದಾಗ್ಲೇ ಚರ್ಮ ತೆಳು, ಮಚ್ಚೇನೂ ಚಿಕ್ಕದು, ಬೇಗ ತಿಳಿಯಾಗತ್ತೆ. ಹಲ್ಲಿಗೂ ಕೆನ್ನೆ ಮೇಲಿನ ಬೆಳಕಿಗೂ ಏನ್ರೀ ಸಂಬಂಧ?" ಎನ್ನುತ್ತಿದ್ದಳು. ಹೇಳಿ ಮುಗಿಸಿ ಮನೆಗೆ ಹೋಗಿ, ಹಲ್ಲು ಬಂದಿದೆಯಾ ಎಂದು ಬಟಾಣಿಯ ವಸಡು ಸವರಿ ನೋಡುತ್ತಿದ್ದಳು. ನಮ್ಮ ಹಿಡಿಯಮ್ಮ ಒಳ್ಳೆಯವಳೇ, ಆದರೆ ಆ ಕೆಲವು ತಿಂಗಳು ಅವಳಿಗೆ ಎರಡು ನಾಲಗೆ ಇದ್ದವು ಎನ್ನದೆ ಗತಿಯಿಲ್ಲ.

ಗುಟ್ಟು ರಟ್ಟಾದದ್ದು ಬೇಕರಿಯಲ್ಲಿ. ಕೆನ್ನೆಯ ಮೇಲೆ ನೇರಳೆ ಚುಕ್ಕೆಗಳಿದ್ದ ಮಗುವನ್ನೆತ್ತಿಕೊಂಡು ಒಬ್ಬಾಕೆ ಬ್ರೆಡ್ಡಿಗೆ ಬಂದಳು. ಅದು ಲೇಸರ್ ಆದ ಮೇಲೆ ಕೆಲವು ದಿನ ಉಳಿಯುವ ಗುರುತೆಂದು ಮಗಳಿಗೆ ಗೊತ್ತಿತ್ತು. ವಿಚಾರಿಸಿದಾಗ ಆಕೆ, "ಅಲ್ಲೊಬ್ರು ಹಿಡಿಯಮ್ಮ ಅಂತಿದ್ದಾರೆ. ಹಲ್ಲು ಬರ್ಲಿ, ಆಮೇಲೆ ಬರ್ತೀವಿ ಅಂದಿದ್ದಕ್ಕೆ ನನ್ನ ಹಿಗ್ಗಾಮುಗ್ಗಾ ಬೈದ್ಬಿಟ್ರು. ಪುಣ್ಯಕ್ಕೆ ಬೈದ್ರು ಅನ್ನಿ" ಎಂದಳು.

ಸಂಜೆ ಮಗಳು ಮನೆಗೆ ಬಂದವಳು ಏಪ್ರನ್ನೂ ಬಿಚ್ಚಲಿಲ್ಲ. ಬಟಾಣಿ ಅಜ್ಜಿಯ ಮಡಿಲಲ್ಲಿ ಚಮಚ ಕಚ್ಚುತ್ತ ಕೂತಿತ್ತು.

"ಬೇರೆಯವರ ಮಕ್ಕಳಿಗೆ ಹಲ್ಲಿನ ಮಾತೇ ಎತ್ತಬಾರ್ದು, ನನ್ನ ಮಗಳಿಗೆ ಮಾತ್ರ ಹಲ್ಲು ಬಂದ್ಮೇಲೆ. ಯಾಕಮ್ಮ?"

ಹಿಡಿಯಮ್ಮ ತಲೆಯೆತ್ತಿದಳು. "ಯಾರಂದ್ರು?"

"ಯಾರೋ ಅಂದ್ರು. ಇವಳದ್ದು ಹೋಗಲ್ಲ ಅಂತ ನಿಂಗೆ ಗೊತ್ತಾಗಿದೆಯಾ? ನನ್ನ ಹತ್ರ ಮುಚ್ಚಿಡ್ತಿದ್ದೀಯಾ?"

"ಛೆ, ಬಿಡ್ತು ಅನ್ನು. ಹಾಗೇನಿಲ್ಲ."

"ಮತ್ತೆ?"

ಹಾರಿಕೆಯ ಉತ್ತರಗಳೆಲ್ಲ ಆ ತಿಂಗಳುಗಳಲ್ಲಿ ಖರ್ಚಾಗಿದ್ದವು. ಹಿಡಿಯಮ್ಮ ಮಗುವಿನ ಬಾಯಿಂದ ಚಮಚ ತೆಗೆದು, ಒರೆಸಿ, ಮತ್ತೆ ಅದಕ್ಕೇ ಕೊಟ್ಟಳು. "ನಾನು ಹಿಡಿದ ಮಕ್ಕಳು ಆಮೇಲೆ ನನ್ನ ಕಂಡ್ರೆ ಅಳ್ತಾವೆ ಕಣೆ. ಇದೊಂದು ನಗತ್ತೆ. ಇದೂ ಅಳೋಕೆ ಶುರುಮಾಡಿದ್ರೆ ನಾನೇನ್ಮಾಡ್ಲಿ?"

ಕೂಗಾಡಿಯಾಳು ಎಂದು ಹಿಡಿಯಮ್ಮ ಕಾದಳು. ಮಗಳು ಕೂಗಾಡಲಿಲ್ಲ.

"ನಿನ್ನ ಕಂಡ್ರೆ ಮುಂದೆ ಅಳ್ತಾಳೆ ಅಂತ ನಿನಗೆ ಭಯ. ನನ್ನ ಕಂಡ್ರೆ ಈಗಲೇ ಅಳ್ತಾಳಲ್ಲಮ್ಮ. ದಿನಾ ಸಂಜೆ ನಿನ್ನ ತೋಳಿಂದ ತಗೊಳ್ಳೋವಾಗ ಅಳ್ತಾಳೆ. ಅದು ನಿನಗೆ ಒಂದಿನಾನೂ ಕಾಣಿಸ್ಲಿಲ್ವಾ?"

ಕಂಡಿತ್ತು. ಅದೇ ತೊಂದರೆ. ಪ್ರತಿ ಸಂಜೆಯೂ ಕಂಡಿತ್ತು, ಕಂಡಾಗ ಒಳಗೊಳಗೇ ಸ್ವಲ್ಪ ಹಿಗ್ಗೂ ಆಗಿತ್ತು. ಬೇರೆಯವರ ತಾಯ್ತನವನ್ನು ಕಾಯಲು ಬಾಗಿಲಿಗೊಂದು ಪದ್ಧತಿ ಮಾಡಿದವಳು ತನ್ನ ಮನೆಯಲ್ಲಿ ಮಗಳದನ್ನು ಮೆಲ್ಲಗೆ ತಾನೇ ಎತ್ತಿಟ್ಟುಕೊಂಡಿದ್ದಳು. ಹಿಡಿಯಮ್ಮನಿಗೆ ತನ್ನ ಮೇಲೆ ತನಗೇ ಅಸಹ್ಯವಾಯಿತು. "ಈ ಬುಧವಾರವೇ ಕರ್ಕೊಂಡು ಬಾ" ಎಂದಳು.

ಹೇಳಿದ್ದು ನಿಜ, ಆದರೆ ಆಸೆ ಅಷ್ಟು ಸುಲಭಕ್ಕೆ ಬಿಡುತ್ತದೆಯೇ? ಎರಡೂ ಉಳಿಯಲಿ, ಮಚ್ಚೆಯೂ ಹೋಗಲಿ, ನಗುವೂ ಇರಲಿ ಎಂದು ಅವಳೊಂದು ಉಪಾಯ ಹೂಡಿದಳು. ಬುಧವಾರ ಹೊಸ ಸೋಪಿನಲ್ಲಿ ಮಿಂದಳು. ಕೂದಲು ಒಂದೆಳೆಯೂ ಕಾಣದಂತೆ ಟೊಪ್ಪಿಗೆ ಎಳೆದುಕೊಂಡಳು, ಮಾಸ್ಕ್ ಕಣ್ಣಿನವರೆಗೆ ಏರಿಸಿದಳು, ಅದರ ಮೇಲೆ ಆ ಕೋಣೆಯಲ್ಲಿ ಎಲ್ಲರೂ ಹಾಕಲೇಬೇಕಾದ ದಪ್ಪ ಬಣ್ಣದ ಕನ್ನಡಕ. ಮನೆಯಲ್ಲಿ ಎಂದೂ ಬಿಚ್ಚದ ಬಳೆಗಳನ್ನೂ ಬಿಚ್ಚಿಟ್ಟಳು. ಕನ್ನಡಿಯಲ್ಲಿ ನೋಡಿಕೊಂಡರೆ ಅವಳಿಗೇ ಅವಳ ಗುರುತು ಸಿಗಲಿಲ್ಲ. ಸರಿಹೋಯಿತು, ಎಂದುಕೊಂಡಳು.

ಮಗಳು ಬಾಗಿಲಲ್ಲಿ ಮಗುವನ್ನು ಕೊಟ್ಟಳು. ಹಿಡಿಯಮ್ಮ ತುಟಿಪಿಟಕ್ಕೆನ್ನದೆ ತೆಗೆದುಕೊಂಡಳು. ಬಟಾಣಿ ಆ ಬಣ್ಣದ ಕನ್ನಡಕವನ್ನು ನೋಡಿತು, ಯಾರೋ ಗೊತ್ತಿಲ್ಲದವರೆಂದು ತೀರ್ಮಾನಿಸಿತು, ಚೀರಿತು. ಉಪಾಯವೇನೋ ಫಲಿಸಿತ್ತು. ಬಟ್ಟೆ ಸುತ್ತಿ ಮಲಗಿಸಿ, ಬೆಳಕು ತಾಗದ ಹಾಗೆ ಕಣ್ಣಿಗೆ ಕಪ್ಪು ಪಟ್ಟಿ ಕಟ್ಟಿದರು. ಮಗು ಬಿಲ್ಲಿನಂತೆ ಬಾಗಿ ಒದ್ದಾಡಿತು. ಎಷ್ಟೋ ಮಕ್ಕಳ ತಲೆಯನ್ನು ಹಗುರವಾಗಿ ನಿಲ್ಲಿಸಿದ ಆ ಕೈ ಅವತ್ತು ನಿಲ್ಲಲಿಲ್ಲ. ಬಿಗಿಹಿಡಿದರೆ ಗುರುತು ಹತ್ತೀತು ಎಂದು ಸಡಿಲಿಸುತ್ತಿದ್ದಳು, ಸಡಿಲಿಸಿದರೆ ತಲೆ ಜಾರುತ್ತಿತ್ತು. ಕತ್ತಿನ ಬಿಗಿ ಬೆರಳಿಗೆ ತಿಳಿಯುತ್ತಲೇ ಇರಲಿಲ್ಲ. ಬೆರಳೇ ನಡುಗುತ್ತಿತ್ತು.

ಡಾಕ್ಟರಮ್ಮ ಒಂದು ಹೊಡೆತ ಬಿಟ್ಟರು. ಮಗು ಸರ್ರನೆ ತಿರುಗಿಬಿಟ್ಟಿತು. ಅವರು ತಕ್ಷಣ ಯಂತ್ರದ ಹಿಡಿ ಮೇಲೆತ್ತಿದರು. "ಇವತ್ತು ಬೇಡ ಹಿಡಿಯಮ್ಮ. ಕಣ್ಣಿನ ಪಕ್ಕಾನೇ ಇದೆ, ಹೀಗೆ ಅಲ್ಲಾಡಿದ್ರೆ ಆಗಲ್ಲ. ಇನ್ನೂ ಸ್ವಲ್ಪ ದೊಡ್ಡೋಳಾಗ್ಲಿ. ದೊಡ್ಡಾಸ್ಪತ್ರೇಲಿ ಪ್ರಜ್ಞೆ ತಪ್ಪಿಸಿ ಮಾಡಿಸೋಣ. ನಿಮಗೂ ಕಷ್ಟ ತಪ್ಪತ್ತೆ."

ನಿದ್ದೆಯಲ್ಲಿರುವ ಮಗುವನ್ನು ಯಾರೂ ಹಿಡಿಯಬೇಕಾಗಿಲ್ಲ. ಮಗುವಿಗೆ ಯಾರ ಕೈಯೂ ನೆನಪಿರುವುದಿಲ್ಲ. ಇದಕ್ಕಿಂತ ಒಳ್ಳೆಯ ನೆಪ ಅವಳಿಗೆ ಇಷ್ಟು ತಿಂಗಳಲ್ಲಿ ಹೊಳೆದಿರಲಿಲ್ಲ. ಅದೂ ಡಾಕ್ಟರಮ್ಮನ ಬಾಯಿಂದಲೇ ಬಂದದ್ದು, ಮಗಳೂ ಎದುರಾಡುವಂತಿರಲಿಲ್ಲ. ಹೂಂ ಎಂದರೆ ಮುಗಿಯಿತು. ಆದರೆ ಅದಕ್ಕೆ ಇನ್ನೆಷ್ಟು ಕಾಲ ಕಾಯಬೇಕು, ಅಷ್ಟರಲ್ಲಿ ಕೆನ್ನೆ ಬೆಳೆದು, ಮಚ್ಚೆಯೂ ಜೊತೆಗೆ ಬೆಳೆದು, ಶಾಲೆಯ ಬಾಗಿಲಿಗೆ ಮಗು ಯಾವ ಮುಖ ಹೊತ್ತು ಹೋಗುತ್ತದೆ, ಅದೂ ಅವಳಿಗೆ ಡಾಕ್ಟರಮ್ಮನಷ್ಟೇ ಗೊತ್ತಿತ್ತು.

ಹಿಡಿಯಮ್ಮ ಒಂದು ಕೈಯಿಂದ ಮಾಸ್ಕ್ ಕೆಳಗೆಳೆದಳು.

"ಬಟಾಣೀ," ಎಂದಳು. "ನಾನು ಕಣೇ. ಅಜ್ಜಿ. ಇಲ್ಲೇ ಇದ್ದೀನಲ್ಲ."

ಅಳು ಅರ್ಧಕ್ಕೇ ನಿಂತಿತು. ಪಟ್ಟಿ ಕಟ್ಟಿದ ಮುಖ ದನಿ ಬಂದ ಕಡೆ ಹೊರಳಿತು. ಒಂದು ಬಿಕ್ಕಳಿಕೆ, ಅದರ ಹಿಂದೆಯೇ, ದೇವರೇ, ಒಂದು ಅರೆಬರೆ ನಗು. ಒದ್ದಾಡುತ್ತಿದ್ದ ಮೈಯೆಲ್ಲ ಸಡಿಲವಾಗಿ ಅವಳ ತೋಳಿನ ಮೇಲೆ ಬಿತ್ತು. ತಲೆ ತಾನಾಗಿಯೇ ಅವಳ ಅಂಗೈಗೆ ಬಂದು ಒರಗಿತು.

"ಮಾಡಿ ಡಾಕ್ಟ್ರೇ."

"ಖಂಡಿತಾನಾ?"

"ಬೇಗ ಮಾಡಿ. ಈಗ ಅಲ್ಲಾಡಲ್ಲ."

ಮಗು ಅಲ್ಲಾಡಲಿಲ್ಲ. ಅತ್ತಿತು, ಆದರೆ ಕೊಸರಲಿಲ್ಲ. ನೋವು ಎಲ್ಲಿಂದ ಬರುತ್ತಿದೆಯೆಂದು ತಿಳಿಯದೆ, ಕಾಪಾಡು ಎನ್ನುವಂತೆ ಅದೇ ಅಂಗೈಗೆ ತಲೆಯನ್ನು ಇನ್ನಷ್ಟು ಒತ್ತಿಕೊಂಡಿತು. ಹಿಡಿಯಮ್ಮ ಮಾತು ನಿಲ್ಲಿಸಲಿಲ್ಲ. ಏನು ಹೇಳಿದಳೋ ಅವಳಿಗೇ ನೆನಪಿಲ್ಲ, ಬೆಕ್ಕು ಕೂಗಿಸಿದ್ದು ಮಾತ್ರ ನೆನಪಿದೆ. ಅಳುವಿನ ಬಗೆಗಳೆಲ್ಲ ಅವಳಿಗೆ ಗೊತ್ತು. ಹೆದರಿದ ಅಳು ಬೇರೆ, ನೊಂದ ಅಳು ಬೇರೆ. ಬೆಳಕು ಕಿವಿಯ ಹತ್ತಿರ ಬಂದಾಗ ಅಳುವಿನ ದನಿ ಬದಲಾಯಿತು. ಅದು ನೊಂದ ಅಳುವಾಗಿರಲಿಲ್ಲ. ಹಿಡಿದಿರುವವಳು ಯಾರೆಂದು ಮಗುವಿಗೆ ಗೊತ್ತಾಗಿತ್ತು, ಅವಳು ತನ್ನನ್ನು ಬಿಡಿಸುತ್ತಿಲ್ಲವೆಂದೂ ಗೊತ್ತಾಗಿತ್ತು. ಆದರೂ ಅವಳು ಕೈ ಬಿಡಲಿಲ್ಲ, ಕೈ ನಡುಗಲೂ ಇಲ್ಲ.

ಪಟ್ಟಿ ಬಿಚ್ಚಿದಾಗ ಬಟಾಣಿ ಅವಳನ್ನು ನೇರವಾಗಿ ನೋಡಿತು. ಹಿಡಿಯಮ್ಮ ಆ ಕಣ್ಣಿಗೆ ಮುಖ ತಪ್ಪಿಸದೆ ನಿಂತಳು, ಆಮೇಲೆ ಬಾಗಿಲಿಗೆ ಒಯ್ದು ಮಗಳಿಗೆ ಕೊಟ್ಟಳು. ಮಗು ಎರಡೂ ಕೈಯಿಂದ ತಾಯಿಯ ಕತ್ತು ತಬ್ಬಿ, ಕೆನ್ನೆ ಉರಿಯುತ್ತಿದ್ದರೂ ಅವಳ ಹೆಗಲಿಗೆ ಮುಖ ಹುದುಗಿಸಿತು. ಮಗಳು ಕದಲದೆ ನಿಂತುಬಿಟ್ಟಳು.

"ಅಮ್ಮ, ಬಿಡ್ತಾನೇ ಇಲ್ಲ ನೋಡು ನನ್ನ" ಎಂದಳು. ಅವಳ ಕಣ್ಣಲ್ಲಿ ನೀರಿತ್ತು, ಮುಖ ಮಾತ್ರ ಅರಳಿತ್ತು.

ಹಿಡಿಯಮ್ಮನಿಗೆ ಸಂತೋಷವಾಯಿತು. ಹೊಟ್ಟೆಕಿಚ್ಚೂ ಆಯಿತು, ಅದನ್ನು ಮುಚ್ಚಿಟ್ಟು ಏನು ಫಲ? ಎರಡನ್ನೂ ಹೊತ್ತುಕೊಂಡು ಅವಳು ಒಳಗೆ ಹೋಗಿ ಮುಂದಿನ ಮಗುವಿಗೆ ಬಟ್ಟೆ ಹಾಸಿದಳು.

ಕೆನ್ನೆಯ ಮೇಲಿನ ನೇರಳೆ ಚುಕ್ಕೆಗಳು ಮಾಸಿದವು. ಅವುಗಳ ಕೆಳಗಿನ ಕೆಂಪು ಮೊದಲಿಗಿಂತ ಒಂದು ಪಾಲು ತೆಳುವಾಗಿತ್ತು, ಗೊತ್ತಿದ್ದವರ ಕಣ್ಣಿಗೆ ಕಾಣುವಷ್ಟು. ಬಟಾಣಿ ಮಾತ್ರ ಅಜ್ಜಿ ಹತ್ತಿರ ಬಂದರೆ ತಾಯಿಯ ಸೆರಗಿನೊಳಗೆ ತೂರಿಕೊಳ್ಳುತ್ತಿತ್ತು. ಮಗಳು ಬೇಕರಿಯಲ್ಲಿ ಮಧ್ಯಾಹ್ನದ ಪಾಳಿ ಕೇಳಿ ಪಡೆದಳು. ಈಗ ಮಗು ಎದ್ದಾಗ ತಾಯಿ ಮನೆಯಲ್ಲಿ ಇರುತ್ತಿದ್ದಳು. ಅವಳು ಕೆಲಸಕ್ಕೆ ಹೋದ ಮೇಲೆ ಹಿಡಿಯಮ್ಮ ಕೆಳಮನೆಯಾಕೆಯನ್ನು ಕರೆದು ಮಗುವಿಗೆ ಊಟ ಮಾಡಿಸುತ್ತಿದ್ದಳು, ತಾನು ಬಾಗಿಲ ಆಚೆ ಕೂತು ಬೆಕ್ಕಿನ ಹಾಗೆ ಕೂಗುತ್ತಿದ್ದಳು.

ಒಂದು ಬೆಳಗ್ಗೆ ಮಗುವನ್ನು ಹೆಗಲ ಮೇಲೆ ಮಲಗಿಸಿಕೊಂಡು ತಟ್ಟುತ್ತ ಮಗಳು, "ಮುಂದಿನ ಸಲ ಬೇರೆ ಯಾರಾದ್ರೂ ಹಿಡೀಲಮ್ಮ. ನಾನು ಡಾಕ್ಟರಿಗೆ ಹೇಳ್ತೀನಿ. ಆಗ ಇದನ್ನ ಮರೀತಾಳೆ, ಮತ್ತೆ ನಿನ್ನ ಹತ್ರ ಬರ್ತಾಳೆ" ಎಂದಳು. ಅಮ್ಮನ ಮೇಲಿನ ಪ್ರೀತಿಯಿಂದಲೇ ಹೇಳಿದ್ದು.

"ಬೇಡ" ಎಂದಳು ಹಿಡಿಯಮ್ಮ. "ಇನ್ನೂ ಸುಮಾರು ಸಲ ಹೋಗೋದಿದೆ. ಕಣ್ಣಿನ ಪಕ್ಕದ್ದು, ಪಳಗದ ಕೈ ಬೇಡ. ಎಲ್ಲಾನೂ ನಾನೇ ಹಿಡೀತೀನಿ."

"ನೀನು ಮಾತಾಡ್ಸಿದ್ರೂ ಇನ್ನು ಸುಮ್ಮನಿರಲ್ಲ ಅವಳು."

"ಮಾತಾಡ್ಸಲ್ಲ. ಒಂದು ಸಲ ಅವಳ ನಂಬಿಕೆಯಿಂದ್ಲೇ ಅವಳನ್ನ ಹಿಡಿದೆ, ಸಾಕು. ಎಲ್ಲ ಮಕ್ಕಳನ್ನ ಹಿಡಿಯೋ ಹಾಗೇ ಹಿಡೀತೀನಿ. ಅವತ್ತು ಒಳಗೆ ಮೊದಲು ಕೈ ನಡುಗಿತು ಕಣೆ, ಇವಳು ನನ್ನ ಬಿಟ್ಟುಹೋಗ್ತಾಳೆ ಅಂತ ನಡುಗಿದ್ದು ಅದು. ಈಗ ಯಾಕೆ ನಡುಗತ್ತೆ?"

ಮಗಳು ತಟ್ಟುವುದನ್ನು ನಿಲ್ಲಿಸಿ ಅಮ್ಮನ ಮುಖ ನೋಡಿದಳು. ಹಿಡಿಯಮ್ಮ, "ನಿಲ್ಲಿಸ್ಬೇಡ, ಎದ್ದುಬಿಡ್ತಾಳೆ" ಎಂದು ಮೆಲ್ಲಗೆ ಹೇಳಿ, ಮಗು ಕಣ್ಣು ಬಿಟ್ಟಾಗ ಎದುರಿಗೆ ತಾನು ಕಾಣದಿರಲೆಂದು ಎದ್ದು ಪಕ್ಕದ ಕೋಣೆಗೆ ಹೋದಳು.